ಟೆಂಟಿನ ಎರಡು ಕಿಂಡಿಗಳು

ಅಂಗಡಿಯಲ್ಲಿ ಅವಳಿಗೆ ಜೋಪಾನಕ್ಕ ಅಂತ ಹೆಸರು ಬಿದ್ದು ಎಷ್ಟು ವರ್ಷವಾಯಿತೋ, ಇಟ್ಟವರಿಗೇ ನೆನಪಿಲ್ಲ. ಟೆಂಟು, ಮಲಗುವ ಚೀಲ, ಬೆನ್ನುಚೀಲಗಳನ್ನು ಬಾಡಿಗೆಗೆ ಕೊಡುವ ಅಂಗಡಿ ಅದು. ಮುಂದೆ ಗಾಜಿನ ಬಾಗಿಲಿನ ದೊಡ್ಡ ಹಜಾರ, ಹಿಂದೆ ಪರದೆಯಾಚೆ ಒಂದು ಇಕ್ಕಟ್ಟಾದ ಕೋಣೆ. ಆ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಒಂಬತ್ತು ವರ್ಷದಿಂದ ಅವಳು ಕೂತಿದ್ದಾಳೆ. ಹರಿದು ಬಂದ ಟೆಂಟಿಗೆ ತೇಪೆ ಹಾಕುವುದು, ಹಲ್ಲು ಉದುರಿದ ಜಿಪ್ಪು ಬದಲಿಸುವುದು, ಕಿತ್ತುಹೋದ ಪಟ್ಟಿ ಜೋಡಿಸುವುದು ಅವಳ ಕೆಲಸ. ಕೆಲಸ ಮುಗಿಸಿ ಸಾಮಾನು ಕೈಗಿಡುವಾಗ "ಜೋಪಾನ" ಅನ್ನುತ್ತಾಳೆ. ಮೆಟ್ಟಿಲಿಳಿಯುವವರಿಗೆ ಜೋಪಾನ, ಬಿಸಿ ಚಹಾ ಹಿಡಿದವರಿಗೆ ಜೋಪಾನ, ಸುಮ್ಮನೆ ಕುರ್ಚಿಯ ಮೇಲೆ ಕೂತವರಿಗೂ ಜೋಪಾನ. ಊರಿನ ಅರ್ಧ ಜನ ಅವಳು ಹೊಲಿದ ಟೆಂಟಿನಲ್ಲಿ ಮಲಗಿ ಎದ್ದಿದ್ದಾರೆ. ಅವಳು ಮಾತ್ರ ಒಂದು ರಾತ್ರಿಯೂ ಗೋಡೆ ಇಲ್ಲದ ಕಡೆ ಮಲಗಿದವಳಲ್ಲ.

ಅಂಥವಳ ಮಗಳು, ಹದಿನಾಲ್ಕು ತುಂಬಿದ ಪುಟ್ಟಿ, ಒಂದು ದಿನ ಊಟದ ಹೊತ್ತಿನಲ್ಲಿ ತಟ್ಟೆಯಿಂದ ತಲೆಯೆತ್ತದೆ ಹೇಳಿದಳು: "ನಾನೂ ಅಪ್ಪನೂ ಬೆಟ್ಟದ ಮೇಲೆ ಟೆಂಟ್ ಹಾಕ್ಕೊಂಡು ಎರಡು ರಾತ್ರಿ ಇದ್ದು ಬರ್ತೀವಿ."

"ನಾವು ಮೂರೂ ಜನ ಅನ್ನು."

"ಇಲ್ಲ ಅಮ್ಮ. ನೀನು ಬೇಡ."

ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಗಂಡ, ಮನೆಯಲ್ಲಿ ಜಗಳದ ವಾಸನೆ ಬಂದ ಕೂಡಲೇ ಕನ್ನಡಕ ತೆಗೆದು ಒರೆಸಲು ಕೂರುವ ಪುಣ್ಯಾತ್ಮ, ಅಂದೂ ಅದನ್ನೇ ಮಾಡಿದ. ಅವಳು ತಟ್ಟೆ ಪಕ್ಕಕ್ಕೆ ಸರಿಸಿದಳು. ಆ ರಾತ್ರಿ ಪಾತ್ರೆ ತೊಳೆಯುತ್ತ ಯೋಚಿಸಿದಳು. ಮಗಳು ಹೇಳಿದ್ದರಲ್ಲಿ ತಪ್ಪೇನಿದೆ? ಈಜಲು ಹೋಗಬೇಡ ಎಂದವಳು ತಾನು. ಸೈಕಲ್ಲು ಗೇಟಿನಾಚೆ ಬೇಡ ಎಂದವಳೂ ತಾನೇ. ಶಾಲೆಯ ಪ್ರವಾಸಕ್ಕೆ ಕಳಿಸಿ, ಅದೇ ಬಸ್ಸಿನ ಹಿಂದೆ ಇನ್ನೊಂದು ಬಸ್ಸಿನಲ್ಲಿ ಹೋಗಿ ಸಿಕ್ಕಿಬಿದ್ದು ಇಡೀ ತರಗತಿಗೆ ನಗೆಪಾಟಲಾದದ್ದು ಹೋದ ವರ್ಷದ ಮಾತು. ಬೆಳಿಗ್ಗೆ ಮುಖ ಊದಿಸಿಕೊಂಡೇ "ಹೋಗಿ ಬನ್ನಿ" ಅಂದಳು. ಪುಟ್ಟಿ ಕುಣಿದ ಕುಣಿತ ನೋಡಿ ಇನ್ನಷ್ಟು ಬೇಜಾರಾಯಿತು.

ಹೋಗಲಿ ಅಂದಮೇಲೆ ಸುಮ್ಮನಿರುವ ಜೀವವೇ ಅದು? ಅಂಗಡಿಯ ಗೋಡೆಗೆ ಹೊಸಬರಿಗೆಂದು ಅಂಟಿಸಿದ ಪಟ್ಟಿಯನ್ನು ಬರೆದುಕೊಂಡು ಬಂದಳು. ಟೆಂಟು, ನೆಲಕ್ಕೆ ಹಾಸುವ ಚಾಪೆ, ಮಲಗುವ ಚೀಲ, ತಲೆಗೆ ಕಟ್ಟುವ ದೀಪ, ನೀರಿನ ಬಾಟಲಿ, ಮಳೆಯಂಗಿ, ಔಷಧಿ ಡಬ್ಬಿ. ಹದಿನೆಂಟು ಸಾಮಾನಿನ ಪಟ್ಟಿ ಅವಳ ಕೈಗೆ ಸಿಕ್ಕಿ ನಲವತ್ತೊಂದಾಯಿತು. ಕಾಲುಚೀಲವೇ ಆರು ಜೊತೆ. ಗಂಡ ಬೆನ್ನುಚೀಲ ಎತ್ತಿ ನೋಡಿ, "ಇದನ್ನ ಹೊತ್ಕೊಂಡು ನಾನು ಬೆಟ್ಟ ಹತ್ತೋದಾ, ಇದೇ ನನ್ನ ಹೊತ್ಕೊಂಡು ಹೋಗತ್ತಾ?" ಎಂದ.

"ಚಳಿ ಹತ್ತಿದ್ರೆ ಆಗ ಗೊತ್ತಾಗತ್ತೆ ರೀ."

ಹೊರಡುವ ಹಿಂದಿನ ದಿನ ಟೆಂಟನ್ನು ಮನೆಯ ಕೋಣೆಯಲ್ಲೇ ಬಿಚ್ಚಿ ನಿಲ್ಲಿಸಿದಳು. ಹೊಲಿಗೆ ಯಂತ್ರದ ಕೆಳಗೆ ತುಂಡುತುಂಡಾಗಿ ಕಂಡದ್ದಲ್ಲದೆ ಟೆಂಟು ಅಂತ ಪೂರ್ತಿಯಾಗಿ ನಿಂತದ್ದನ್ನು ಅವಳು ನೋಡಿದ್ದೇ ಕಡಿಮೆ. ನೆತ್ತಿಯ ಹತ್ತಿರ ಎರಡೂ ಕಡೆ ಅಂಗೈಯಗಲದ ತ್ರಿಕೋನಗಳಿದ್ದವು, ಬಲೆಯವು. ಮೇಲೊಂದು ಸಣ್ಣ ರೆಪ್ಪೆಯಂಥ ಬಟ್ಟೆ. ಅಂಥ ಬಲೆಯನ್ನು ಅವಳು ನೂರು ಸಲ ತೇಪೆ ಹಾಕಿ ಸರಿಮಾಡಿದ್ದಾಳೆ. ಯಾಕಿವೆ ಅಂತ ಯಾವತ್ತೂ ಕೇಳಿರಲಿಲ್ಲ. ಈಗ ಮಗಳು ಮಲಗುವ ಜಾಗದಿಂದ ತಲೆಯೆತ್ತಿ ನೋಡಿದರೆ ಅವು ಎರಡು ತೂತುಗಳಾಗಿಯೇ ಕಂಡವು. ಮಳೆ ಎರಚಿದರೆ? ಶೀತಗಾಳಿ ನುಗ್ಗಿದರೆ? ಹುಳಹುಪ್ಪಟೆ ಇಳಿದರೆ?

ಬಟ್ಟೆಯ ರೆಪ್ಪೆಗಳನ್ನು ಎಳೆದು ಎರಡು ಸಾಲು ಒತ್ತು ಹೊಲಿಗೆ ಹಾಕಿದಳು. ಹೊಲಿಗೆಯ ಮೇಲೆ ನೀರು ಇಳಿಯದ ಅಂಟುಪಟ್ಟಿ ಒತ್ತಿದಳು. ಅಷ್ಟಕ್ಕೂ ಸಮಾಧಾನವಾಗದೆ, ಹೊರಹೊದಿಕೆ ನೆಲಕ್ಕೆ ತಾಗದೆ ಗೇಣುದ್ದ ಬಿಟ್ಟಿದ್ದ ಸಂದಿಗೂ ಸುತ್ತ ಒಂದು ಅಂಚು ಜೋಡಿಸಿದಳು. ಮುಗಿಸಿ ಒಳಗೆ ಕೂತು ಜಿಪ್ಪು ಎಳೆದುಕೊಂಡರೆ, ಆಹಾ, ಒಂದು ಎಳೆ ಗಾಳಿಯೂ ಸುಳಿಯಲಿಲ್ಲ. ಒಂಬತ್ತು ವರ್ಷದಲ್ಲಿ ಇಷ್ಟು ಚೆಂದದ ಕೆಲಸ ಮಾಡಿದ್ದಿಲ್ಲ ಅನ್ನಿಸಿತು. ಆಲೂಗಡ್ಡೆ ಸುಡಲೆಂದು ಗಂಡ ತಂದಿದ್ದ ಪುಟ್ಟ ಕಬ್ಬಿಣದ ಅಗ್ಗಿಷ್ಟಿಕೆಯನ್ನೂ ಒಂದು ಚೀಲ ಇದ್ದಿಲನ್ನೂ ಅವಳೇ ಕಟ್ಟಿಕೊಟ್ಟು ಹೇಳಿದಳು:

"ಚಳಿ ಜಾಸ್ತಿ ಆದ್ರೆ ಕೆಂಡನ ಟೆಂಟ್ ಒಳಗೇ ಇಟ್ಕೊಳ್ಳಿ. ಜಿಪ್ಪು ಪೂರ್ತಿ ಎಳ್ಕೊಂಡುಬಿಡಿ. ಬೆಚ್ಚಗಿರತ್ತೆ. ಬಟ್ಟೆಗೆ ತಾಗದ ಹಾಗೆ ನೋಡ್ಕೊಳ್ಳಿ, ಅಷ್ಟೇ."

"ಆಯ್ತು" ಎಂದ ಗಂಡ. ಮದುವೆಯಾದ ಲಾಗಾಯ್ತಿನಿಂದ ಅವನು ಅವಳಿಗೆ ಹೇಳುತ್ತ ಬಂದದ್ದು ಅದೊಂದೇ ಮಾತು.

ಶನಿವಾರ ಬೆಳಿಗ್ಗೆ ಇಬ್ಬರೂ ಬಸ್ಸು ಹತ್ತಿದರು. ಮಧ್ಯಾಹ್ನ ಅವಳು ಅಂಗಡಿಯಲ್ಲಿದ್ದಳು.

ಶನಿವಾರ ಮೂರು ಗಂಟೆಗೆ ಹಜಾರದಲ್ಲಿ ಹೊಸಬರ ತರಗತಿ. ಶಾಲೆಯಲ್ಲಿ ಆಟ ಕಲಿಸಿ ನಿವೃತ್ತರಾದ ಪೀಟಿ ಮೇಷ್ಟ್ರು ಬಂದು ಟೆಂಟು ಹಾಕುವುದು ಹೇಗೆ, ಏನೇನು ಒಯ್ಯಬೇಕು ಎಂದು ಒಂದು ಗಂಟೆ ಹೇಳುತ್ತಾರೆ. ಒಂಬತ್ತು ವರ್ಷದಿಂದ ಪರದೆಯಾಚೆಯೇ ಅದು ನಡೆಯುತ್ತಿದೆ. ಆದರೆ ಯಂತ್ರದ ಕಟಕಟ ಸದ್ದಿನಲ್ಲಿ ಅವಳಿಗೆ ಒಂದಕ್ಷರವೂ ಕೇಳಿಸಿದ್ದಿಲ್ಲ. ಅಂದು ಕೈಹೊಲಿಗೆಯ ಕೆಲಸವಿತ್ತು. ಯಂತ್ರ ಸುಮ್ಮನಿತ್ತು.

"ಟೆಂಟ್ ಹಾಕೋಕೆ ಮೊದ್ಲು ನೆಲ ನೋಡಿ. ತಗ್ಗಿರೋ ಕಡೆ ಬೇಡ, ನೀರು ನಿಲ್ಲತ್ತೆ. ಒಣಗಿದ ಮರದ ಕೆಳಗೂ ಬೇಡ, ಕೊಂಬೆ ಬೀಳತ್ತೆ." ಮೇಷ್ಟ್ರ ದನಿ ಈಗಲೂ ಮೈದಾನದ ದನಿಯೇ. "ಬಾಗಿಲು ಗಾಳಿಗೆ ಬೆನ್ನು ಮಾಡಿರಲಿ. ಇನ್ನು ಇಲ್ಲಿ ನೋಡಿ, ಮೇಲೆ ಎರಡು ತ್ರಿಕೋನ ಇದ್ಯಲ್ಲ. ಇದೇನು ಹೇಳಿ?"

ಯಾರೋ ಹುಡುಗಿ, "ಅಲಂಕಾರಕ್ಕಾ ಸರ್?" ಎಂದಳು. ಎಲ್ಲರೂ ನಕ್ಕರು. ಪರದೆಯಾಚೆ ಅವಳ ಸೂಜಿ ನಿಂತಿತು.

"ಇದು ಟೆಂಟಿನ ಮೂಗು. ಗಾಳಿಕಿಂಡಿ. ಚಳಿ ಅಂತ ಇದನ್ನ ಮುಚ್ಚೋ ಜಾಣರು ಇದಾರೆ. ಇಬ್ಬರು ಮಲಗಿದ್ರೆ ಬೆಳಗಾಗೋಷ್ಟರಲ್ಲಿ ಅವರ ಉಸಿರಿಂದಾನೇ ಒಳಗೆಲ್ಲ ಒದ್ದೆ. ಅದು ಬಿಡಿ, ಒದ್ದೆ ಆದ್ರೆ ಒಣಗತ್ತೆ. ಇನ್ನೊಂದು ಇದೆ, ಅದನ್ನ ಬರ್ಕೊಳ್ಳಿ. ಟೆಂಟ್ ಒಳಗೆ ಒಲೆ ಹಚ್ಚಬಾರದು. ಕೆಂಡ ಅಂತೂ ಕೂಡದೇ ಕೂಡದು. ಕೆಂಡದಿಂದ ಬರೋ ವಿಷಗಾಳಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಮೊದ್ಲು ಸ್ವಲ್ಪ ತಲೆನೋವು. ಆಮೇಲೆ ಚೆನ್ನಾಗಿ ನಿದ್ದೆ ಬರತ್ತೆ. ನಾನು ಒಂದ್ಸಲ ಬೆಳಿಗ್ಗೆ ಹೋಗಿ ಜಿಪ್ಪು ತೆಗೆದು ನೋಡಿದೀನಿ. ಗಂಡ ಹೆಂಡತಿ. ಮಲಗಿದ ಹಾಗೇ ಇದ್ರು."

ಅವಳಿಗೆ ಎದ್ದು ನಿಂತದ್ದು ಗೊತ್ತಾಗಲಿಲ್ಲ, ಪರದೆ ಸರಿಸಿದ್ದೂ ಗೊತ್ತಾಗಲಿಲ್ಲ. ಹತ್ತು ಹನ್ನೆರಡು ಹೊಸಬರು ತಿರುಗಿ ನೋಡಿದರು.

"ಮೇಷ್ಟ್ರೇ, ಎಷ್ಟು ಹೊತ್ತಿಗೆ?"

"ಏನಮ್ಮ?"

"ಕಿಂಡಿ ಮುಚ್ಚಿ, ಕೆಂಡ ಒಳಗಿಟ್ರೆ, ಎಷ್ಟು ಹೊತ್ತು ತಡೀತಾರೆ?"

ಮೇಷ್ಟ್ರು ಅವಳ ಮುಖ ನೋಡಿದರು. ಹುಡುಗರ ಕಳ್ಳಾಟಗಳನ್ನು ಮೂವತ್ತು ವರ್ಷ ಕಂಡವರು. ಬೇರೇನೂ ಕೇಳಲಿಲ್ಲ. "ಎಲ್ಲಿ ಹೋಗಿದಾರೆ?" ಅಂದರು.

ಗಂಡನ ಫೋನು ವ್ಯಾಪ್ತಿಯ ಹೊರಗಿದೆ ಎಂದಿತು. ಮಗಳದ್ದೂ ಅದನ್ನೇ ಹೇಳಿತು. ಮೇಷ್ಟ್ರು ಬೆಟ್ಟ ಕಾಯುವ ಗಾರ್ಡಿನ ಕೊಠಡಿಗೆ ಫೋನು ಮಾಡಿದರು. ಗಂಟೆ ಹೊಡೆದುಕೊಂಡಿತು, ಎತ್ತುವವರಿಲ್ಲ. "ಸುತ್ತು ಹೋಗಿರ್ತಾನೆ. ನಾನು ಮಾಡ್ತಾನೇ ಇರ್ತೀನಿ. ನೀನು ಮೂರೂಮುಕ್ಕಾಲರ ಬಸ್ಸು ಹಿಡಿ. ಓಡು."

ಬೆಟ್ಟದ ಬುಡಕ್ಕೆ ಎರಡು ಗಂಟೆಯ ದಾರಿ. ಬಸ್ಸು ಹೊರಟಿತು ಅನ್ನುವಷ್ಟರಲ್ಲಿ ನಿಂತಿತು. ಒಬ್ಬ ಮುದುಕ ತನ್ನ ಮೂರು ಮೂಟೆಗಳನ್ನು ಒಂದೊಂದಾಗಿ ಹತ್ತಿಸಿ, ನಾಲ್ಕನೆಯದು ಎಲ್ಲಿ ಅಂತ ಹುಡುಕಿದ. ಅವಳಿಗೆ ಕಿರುಚಬೇಕು ಅನ್ನಿಸಿತು. ಕಿರುಚಿದ್ದರೆ ಬಸ್ಸು ಬೇಗ ಹೋಗುತ್ತಿತ್ತೇ?

ಮನಸ್ಸು ಲೆಕ್ಕ ಹಾಕತೊಡಗಿತು. ಆರೂವರೆಗೆ ಕತ್ತಲಾಗುತ್ತದೆ. ಬೆಟ್ಟದ ಮೇಲೆ ಚಳಿ ಅದಕ್ಕೂ ಮೊದಲೇ ಇಳಿಯುತ್ತದೆ. ಪುಟ್ಟಿಗೆ ಚಳಿ ತಡೆಯುವುದಿಲ್ಲ. ಒಡನೆ ಕೆಂಡ ಮಾಡಿ ಅಂತಾಳೆ. ಅವರಪ್ಪ ಆಯ್ತು ಅಂತಾರೆ. ಒಂದು ದಿನವಾದರೂ ಆ ಮನುಷ್ಯ ನನ್ನ ಮಾತು ಮೀರಬಾರದೇ ದೇವರೇ, ಎಂದು ಬೇಡಿಕೊಂಡಳು. ಯಾವ ಹೆಂಡತಿಯೂ ಬೇಡಿರಲಾರದ ಬೇಡಿಕೆ ಅದು.

ಕಿಟಕಿಯ ಮೇಲೆ ಹನಿ ಬಿದ್ದವು. ಎದುರು ಸೀಟಿನ ಹೆಂಗಸು ಗಾಜು ಎಳೆದು ಮುಚ್ಚಿದಳು. "ತೆಗೀರಿ, ತೆಗೀರಿ ಅದನ್ನ" ಎಂದು ಇವಳು ಕೂಗಿದ ರೀತಿಗೆ ಆ ಹೆಂಗಸು ತುಟಿ ಪಿಟಕ್ಕೆನ್ನದೆ ತೆರೆದು, ಮಳೆಯಲ್ಲಿ ನೆನೆಯುತ್ತಲೇ ಕೂತಳು. ಇವಳು ಹತ್ತು ನಿಮಿಷಕ್ಕೊಮ್ಮೆ ಫೋನು ಒತ್ತಿದಳು. ಐದು ಗಂಟೆಗೆ ಮೇಷ್ಟ್ರಿಂದ ಕರೆ ಬಂತು. ಗಾರ್ಡು ಇನ್ನೂ ಸಿಕ್ಕಿಲ್ಲ. ಆಮೇಲೆ ಅವಳ ಫೋನಿನಲ್ಲೂ ಗೆರೆಗಳು ಒಂದೊಂದಾಗಿ ಮಾಯವಾದವು.

ಕೊನೆಯ ನಿಲ್ದಾಣದಲ್ಲಿ ಇಳಿದಾಗ ಆರು ಹೊಡೆದಿತ್ತು. ಅಲ್ಲಿಂದ ಕಾಲುದಾರಿ. ಕಲ್ಲು ಜಾರುತ್ತಿತ್ತು, ಚಪ್ಪಲಿ ಕೆಸರಿನಲ್ಲಿ ಕಚ್ಚಿ ಉಳಿಯಿತು, ತೆಗೆದುಕೊಳ್ಳಲು ಬಗ್ಗಲಿಲ್ಲ. ನಲವತ್ತೊಂದು ಸಾಮಾನಿನ ಪಟ್ಟಿ ಬರೆದವಳು ಒಂದು ದೀಪವಿಲ್ಲದೆ, ಕೊಡೆಯಿಲ್ಲದೆ, ಬರಿಗಾಲಲ್ಲಿ ಬೆಟ್ಟ ಹತ್ತಿದಳು. ಎರಡು ಸಲ ಬಿದ್ದಳು. ಉಸಿರು ಸಾಲದೆ ನಿಂತಾಗಲೆಲ್ಲ ಒಳಗೆ ಮಲಗಿದವರಿಗೆ ಎಷ್ಟು ಉಸಿರು ಉಳಿದಿದೆಯೋ ಅಂತ ನೆನಪಾಗಿ ಮತ್ತೆ ಓಡಿದಳು.

ಮೇಲೆ ಬಯಲಿನಲ್ಲಿ ಏಳೆಂಟು ಟೆಂಟುಗಳಿದ್ದವು. ಮಬ್ಬಿನಲ್ಲಿ ಎಲ್ಲ ಒಂದೇ ಬಣ್ಣ. ಒಂದರ ಮುಂದೆ ಯಾರೋ ಹಾಡುತ್ತಿದ್ದರು, ಇನ್ನೊಂದರಲ್ಲಿ ದೀಪ ಅಲ್ಲಾಡುತ್ತಿತ್ತು. ಎಲ್ಲದರ ನೆತ್ತಿಯಲ್ಲೂ ರೆಪ್ಪೆ ತೆರೆದಿತ್ತು. ಕೊನೆಯಲ್ಲಿದ್ದ ಒಂದು ಮಾತ್ರ ಮೇಲಿಂದ ಕೆಳಗಿನವರೆಗೆ ಬಿಗಿದುಕೊಂಡು ನಿಂತಿತ್ತು. ಗಾಳಿಗೆ ಅದರ ಅಂಚು ಸಹ ಅಲುಗುತ್ತಿರಲಿಲ್ಲ. ಅವಳ ಕೈಕೆಲಸ ಅಷ್ಟು ಗಟ್ಟಿ.

ಜಿಪ್ಪು ಪೂರ್ತಿ ಎಳೆದಿತ್ತು. ಅವಳು ಹೇಳಿದ ಹಾಗೇ.

ಎಳೆದು ತೆರೆದಳು. ಬೆಚ್ಚನೆಯ ಗಾಳಿ ಮುಖಕ್ಕೆ ರಾಚಿತು. ಅಗ್ಗಿಷ್ಟಿಕೆಯಲ್ಲಿ ಕೆಂಡ ಕೆಂಪಗಿತ್ತು. ಗಂಡ ಗೋಣು ಒಂದು ಕಡೆ ವಾಲಿಸಿ ಕೂತಿದ್ದ. ಅವಳನ್ನು ಕಂಡು ಪೆದ್ದು ನಗೆ ನಕ್ಕು, "ಬಂದ್ಯಾ? ಸ್ವಲ್ಪ ತಲೆನೋವು ಕಣೇ" ಎಂದ. ಪುಟ್ಟಿ ಚೀಲದೊಳಗೆ ಕುತ್ತಿಗೆಯವರೆಗೆ ಮುದುಡಿ ಮಲಗಿದ್ದಳು.

"ಪುಟ್ಟೀ! ಏಳೇ! ಪುಟ್ಟೀ!"

ಏಳಲಿಲ್ಲ. ಅವಳು ಚೀಲದ ಸಮೇತ ಮಗಳನ್ನು ಹೊರಗೆಳೆದಳು. ಆ ತೂಕವನ್ನು ಹೇಗೆ ಎಳೆದಳೋ, ಆಮೇಲೆ ಕೇಳಿದರೆ ಅವಳಿಗೂ ತಿಳಿಯದು. ಹಾಡು ನಿಂತಿತು, ಜನ ಓಡಿ ಬಂದರು, ಇಬ್ಬರು ಸೇರಿ ಗಂಡನನ್ನೂ ಹೊರಗೆ ತಂದರು. ಒದ್ದೆ ಹುಲ್ಲಿನ ಮೇಲೆ ಮಗಳ ಕೆನ್ನೆಗೆ ತಟ್ಟಿದಳು, ಹೆಸರು ಹಿಡಿದು ಕೂಗಿದಳು, ಮತ್ತೆ ತಟ್ಟಿದಳು. ಮುಖದ ಮೇಲೆ ಮಳೆ ಬೀಳುತ್ತಿತ್ತು. ಎಷ್ಟು ಹೊತ್ತಾಯಿತೋ, ಪುಟ್ಟಿ ಒಮ್ಮೆ ಕೆಮ್ಮಿದಳು. ಪಕ್ಕಕ್ಕೆ ಹೊರಳಿ ವಾಂತಿ ಮಾಡಿಕೊಂಡಳು. ಕಣ್ಣು ಬಿಟ್ಟು ಅವಳನ್ನೇ ನೋಡಿ, ತೊದಲುತ್ತ ಹೇಳಿದ ಮೊದಲ ಮಾತು: "ನೀನ್ಯಾಕೆ ಬಂದೆ?"

ಅವಳು ಮಗಳನ್ನು ಅವಚಿಕೊಂಡು ಗೊಳೋ ಅಂತ ಅತ್ತಳು.

ಗಾರ್ಡು ಬ್ಯಾಟರಿ ಬೀಸುತ್ತ ಓಡಿಬಂದ. ಮೇಷ್ಟ್ರ ಕರೆ ಆಗಷ್ಟೇ ಅವನಿಗೆ ತಲುಪಿತ್ತು. ಹಿಂದಿನ ಮಣ್ಣುರಸ್ತೆಯಲ್ಲಿ ಜೀಪು ತಂದು ಮೂವರನ್ನೂ ಹತ್ತಿಸಿಕೊಂಡು ಬುಡದ ಆಸ್ಪತ್ರೆಗೆ ಇಳಿಸಿದ. ನಾಲ್ಕು ಹಾಸಿಗೆಯ ಸಣ್ಣ ಆಸ್ಪತ್ರೆ. ಅಪ್ಪ ಮಗಳ ಮುಖಕ್ಕೆ ಆಮ್ಲಜನಕದ ಮುಸುಕು ಹಾಕಿದರು. ಇನ್ನು ಅರ್ಧ ಗಂಟೆ ತಡವಾಗಿದ್ದರೆ ಮಾತೇ ಬೇರೆಯಿತ್ತು ಎಂದರು ಡಾಕ್ಟರಮ್ಮ.

ಗಂಡನಿಗೆ ಸ್ವಲ್ಪ ಚೇತರಿಕೆ ಬಂದದ್ದೇ ತಡ, ಮುಸುಕು ಸರಿಸಿ ಶುರುಮಾಡಿದ. "ನೋಡಿ ಡಾಕ್ಟ್ರೇ, ತಾಯಿ ಕರುಳು ಅಂದ್ರೆ ಇದು. ಅಷ್ಟು ದೂರದಲ್ಲಿ ಕೂತಿದ್ದೋಳಿಗೆ ಹೇಗೆ ಗೊತ್ತಾಯ್ತು? ಇವಳು ಬರದೇ ಇದ್ದಿದ್ರೆ ನಮ್ಮ ಕಥೆ ಮುಗೀತಿತ್ತು."

ನರ್ಸು ಕಣ್ಣೊರೆಸಿಕೊಂಡಳು. ಗಾರ್ಡು ಟೋಪಿ ತೆಗೆದು, "ಪುಣ್ಯವಂತೆ ಅಮ್ಮ ನೀವು" ಎಂದ. ಪುಟ್ಟಿ ಕೂಡ ಮುಸುಕಿನೊಳಗಿಂದ ನೋಡುತ್ತಿದ್ದಳು. ವರ್ಷಗಟ್ಟಲೆ ಕಾಣದ ಒಂದು ಮೆತ್ತಗಿನ ನೋಟ ಅದು. ಸುಮ್ಮನಿದ್ದರೆ ಸಾಕಿತ್ತು. ಟೆಂಟಿನ ಹೊಲಿಗೆಯನ್ನು ಯಾರು ನೋಡುತ್ತಾರೆ? ನೋಡಿದರೂ ಯಾರಿಗೆ ತಿಳಿಯುತ್ತದೆ? ಆ ನೋಟವನ್ನು ಇಟ್ಟುಕೊಳ್ಳಬೇಕೆಂಬ ಆಸೆ ಅವಳಿಗೆ ಹೊಟ್ಟೆಯ ಹಸಿವಿನಷ್ಟೇ ಜೋರಾಗಿ ಆಯಿತು.

"ಕರುಳೂ ಇಲ್ಲ, ಏನೂ ಇಲ್ಲ" ಎಂದಳು. "ಆ ಟೆಂಟಿಗೆ ಗಾಳಿ ಆಡೋಕೆ ಅಂತ ಎರಡು ಕಿಂಡಿ ಇತ್ತು. ಅದನ್ನ ಹೊಲಿದು ಮುಚ್ಚಿದ್ದು ನಾನು. ಕೆಳಗಿನ ಸಂದಿ ಮುಚ್ಚಿದ್ದೂ ನಾನು. ಕೆಂಡ ಒಳಗಿಟ್ಕೊಂಡು ಜಿಪ್ಪು ಎಳ್ಕೊಳ್ಳಿ ಅಂತ ಹೇಳಿ ಕಳಿಸಿದ್ದೂ ನಾನೇ. ಇವತ್ತು ಮೇಷ್ಟ್ರ ಪಾಠ ಕಿವಿಗೆ ಬಿತ್ತು, ಅದಕ್ಕೆ ಓಡಿ ಬಂದೆ. ಬೀಳದೇ ಇದ್ದಿದ್ರೆ ಮನೇಲಿ ಹಾಯಾಗಿ ಮಲಗಿರ್ತಿದ್ದೆ."

ಗಾರ್ಡು ಟೋಪಿಯನ್ನು ಮತ್ತೆ ಹಾಕಿಕೊಂಡ. ಗಂಡ ಒರೆಸಲು ಕನ್ನಡಕ ತಡಕಿದ, ಅದು ಬೆಟ್ಟದ ಮೇಲೆ ಉಳಿದಿತ್ತು.

ಪುಟ್ಟಿ ಮುಸುಕು ಎತ್ತಿದಳು. "ಯಾಕಮ್ಮ ಹೊಲಿದೆ?"

"ನಿನ್ನ ಮೇಲೆ ಮಳೆ ಬೀಳತ್ತೆ ಅಂತ."

ಪುಟ್ಟಿ ಗೋಡೆಯ ಕಡೆ ಹೊರಳಿಕೊಂಡಳು. ಅಳುತ್ತಿದ್ದಾಳೋ, ಸಿಟ್ಟಾಗಿದ್ದಾಳೋ ಹಿಂದಿನಿಂದ ತಿಳಿಯುತ್ತಿರಲಿಲ್ಲ. ತಾಯಿ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ಆ ಬೆನ್ನು ಏರಿಳಿಯುವುದನ್ನು ಎಣಿಸುತ್ತ ಬೆಳಗು ಮಾಡಿದಳು.

ಬೆಳಿಗ್ಗೆ ಮಳೆ ಬಿಟ್ಟಿತ್ತು. ಡಾಕ್ಟರಮ್ಮ ಇಬ್ಬರನ್ನೂ ಮತ್ತೆ ಪರೀಕ್ಷೆ ಮಾಡಿ, ರಕ್ತ ನೋಡಿ, ಏನೂ ತೊಂದರೆ ಉಳಿದಿಲ್ಲ, ಹೋಗಬಹುದು ಎಂದರು. ಗಂಡ, "ಮೊದಲು ಮನೆ ಸೇರೋಣ, ಸಾಮಾನು ಆಮೇಲೆ ತರಿಸಿದ್ರಾಯ್ತು" ಎಂದು ಎದ್ದ. ಪುಟ್ಟಿ ಏಳಲಿಲ್ಲ.

"ಇನ್ನೊಂದು ರಾತ್ರಿ ಬಾಕಿ ಇದೆ" ಎಂದಳು.

"ಹುಚ್ಚೇ ನಿಂಗೆ?"

"ಬೇಡ ಅಂತೀರಿ ಅಂತ ಗೊತ್ತು. ಆದ್ರೂ ಕೇಳ್ತಿದೀನಿ. ಡಾಕ್ಟ್ರೇ, ನಾನು ಅಲ್ಲಿ ಇದ್ರೆ ಏನಾದ್ರೂ ಆಗತ್ತಾ?"

ಡಾಕ್ಟರಮ್ಮ ನಕ್ಕರು. "ನಿಂಗೆ ಈಗ ಬೇಕಿರೋದು ಒಳ್ಳೇ ಗಾಳಿ. ಅದು ಇಲ್ಲಿಗಿಂತ ಅಲ್ಲೇ ಜಾಸ್ತಿ ಸಿಗತ್ತೆ. ಆದ್ರೆ ಇದ್ದಿಲು ಅಂತ ಹೆಸರೆತ್ತಿದ್ರೆ ನೋಡು."

"ಅಗ್ಗಿಷ್ಟಿಕೆ ನನ್ನ ಕೊಠಡೀಲಿರತ್ತೆ" ಎಂದ ಗಾರ್ಡು. "ಟೆಂಟನ್ನೂ ಅದರ ಪಕ್ಕದಲ್ಲೇ ಹಾಕಿಸ್ತೀನಿ."

ಗಂಡ ಹೆಂಡತಿಯ ಕಡೆ ನೋಡಿದ. ಎಲ್ಲರೂ ಅವಳ ಕಡೆಯೇ ನೋಡಿದರು. ಬೇಡ ಅನ್ನಲು ಇಂದಿನಷ್ಟು ಗಟ್ಟಿಯಾದ ಕಾರಣ ಅವಳಿಗೆ ಹಿಂದೆಂದೂ ಸಿಕ್ಕಿರಲಿಲ್ಲ. ಬೇಡ ಅಂದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಮಗಳೂ ಎದುರಾಡುತ್ತಿರಲಿಲ್ಲ. ಇನ್ನು ಯಾವತ್ತೂ ಕೇಳುತ್ತಲೂ ಇರಲಿಲ್ಲ.

"ಆ ಹೊಲಿಗೇನ ಕತ್ತರೀಲಿ ಒಂದೇ ಏಟಿಗೆ ಕತ್ತರಿಸ್ಬೇಡ" ಎಂದಳು. "ಮೊದ್ಲು ಅಂಟುಪಟ್ಟಿ ಕಿತ್ತು, ನಾಲ್ಕು ಹೊಲಿಗೆಗೆ ಒಂದರಂತೆ ದಾರ ತುಂಡು ಮಾಡು. ಆಮೇಲೆ ಒಳಗಡೆಯಿಂದ ದಾರ ಹಿಡಿದು ಎಳಿ. ಬಟ್ಟೆ ಹರಿಯಲ್ಲ, ಪೂರ್ತಿ ಬಿಚ್ಕೊಳ್ಳತ್ತೆ. ಎರಡು ಸಾಲಿದೆ. ಎರಡೂ ಬಿಚ್ಚು. ಕೆಳಗಿನ ಅಂಚನ್ನೂ ಹಾಗೇ ತೆಗಿ."

ಪುಟ್ಟಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಆಮೇಲೆ ಮಂಚದಿಂದ ಇಳಿದು ಬಂದು ಅವಳ ಕೈ ಹಿಡಿದಳು. "ನೀನೂ ಬಾ ಅಮ್ಮ."

ಈ ಮಾತಿಗೆ ಅವಳು ಎಷ್ಟು ದಿನದಿಂದ ಹಸಿದಿದ್ದಳು! ಕೂಡಲೇ ಹ್ಞೂಂ ಅನ್ನಲು ಬಾಯಿ ತೆರೆದಳು. ಮಗಳ ಕೈ ತನ್ನ ಕೈಯಲ್ಲಿತ್ತು, ಕರೆದದ್ದೂ ಮನಸ್ಸಿನಿಂದಲೇ. ಆದರೆ ಪುಟ್ಟಿಯ ಕಣ್ಣು ಆಗಲೇ ಬಾಗಿಲಾಚೆ, ಬೆಟ್ಟದ ದಾರಿಯ ಮೇಲಿತ್ತು.

"ಅಂಗಡೀಲಿ ಕೆಲಸ ಇದೆ ಕಣೇ. ನೀವಿಬ್ಬರೂ ಹೋಗಿ ಬನ್ನಿ."

ಭಾನುವಾರ ಅಂಗಡಿಗೆ ರಜೆ. ಅದು ಮೂವರಿಗೂ ಗೊತ್ತಿತ್ತು. ಯಾರೂ ಹೇಳಲಿಲ್ಲ.

ಜೀಪು ಅವಳನ್ನು ಬಸ್ ನಿಲ್ದಾಣದಲ್ಲಿಳಿಸಿ ಮೇಲೆ ಹೋಯಿತು. ನರ್ಸು ಕೊಟ್ಟ ಹಳೆಯ ಚಪ್ಪಲಿ ಒಂದು ಅಳತೆ ದೊಡ್ಡದಿತ್ತು. ಬಸ್ಸು ಬರುವ ತನಕ ಬೆಟ್ಟದ ಕಡೆ ತಿರುಗಿ ನೋಡಲಿಲ್ಲ ಅಂದರೆ ಸುಳ್ಳಾಗುತ್ತದೆ. ನೋಡಿದಳು, ಏಳೆಂಟು ಸಲ. ಎರಡು ಸಲ ಕಾಲುದಾರಿಯ ಬಾಯಿಯವರೆಗೆ ಹೋಗಿ ಹಿಂದಿರುಗಿದಳು. ಬಸ್ಸು ಬಂದಾಗ ಕಂಬಿ ಹಿಡಿದು ಹತ್ತಿ, ತೆರೆದ ಕಿಟಕಿಯ ಪಕ್ಕ ಕೂತಳು. ಎದೆ ಇನ್ನೂ ಡವಗುಟ್ಟುತ್ತಿತ್ತು. ನಾಳೆ ಸಂಜೆ ಅವರಿಬ್ಬರೂ ಮನೆಯ ಬಾಗಿಲು ತಟ್ಟುವವರೆಗೆ ಅದು ನಿಲ್ಲುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು.

"ಎಷ್ಟು ಟಿಕೆಟ್ಟಮ್ಮ?" ಎಂದು ಕಂಡಕ್ಟರು ಕೇಳಿದ.

ಅವಳು ಒಂದು ಬೆರಳೆತ್ತಿ ತೋರಿಸಿದಳು.